ವಾಚನಾಲಯದ ಫೋಟೋ ಯಾರದು

ತಿರುಮಲೇಶ್ವರ ಭಟ್ಟರನ್ನು ಯಾರಾದರೂ ಕಳ್ಳ ಎಂದಿದ್ದರೆ ನಾನೇ ಮೊದಲು ಜಗಳಕ್ಕೆ ಹೋಗುತ್ತಿದ್ದೆ. ಎರ್ನಾಕುಲಂನ ಕೋರ್ಟು ಕಚೇರಿಯಲ್ಲಿ ಇಪ್ಪತ್ತು ವರ್ಷ ದಾಖಲೆಗಳನ್ನು ಕಾದ ಮನುಷ್ಯ ಅವರು. ಕಚೇರಿಯ ಒಂದು ಗುಂಡುಸೂಜಿಯೂ ಅವರ ಮನೆಗೆ ಬಂದದ್ದಿಲ್ಲ. ಅವರು ಕಾಸರಗೋಡಿನವರು, ನಾನು ಮೈಸೂರಿನವನು. ಬ್ಯಾಂಕಿನ ವರ್ಗಾವಣೆಯಲ್ಲಿ ಬಂದು, ಎಡಪ್ಪಳ್ಳಿಯಲ್ಲಿ ಅವರ ಮನೆಯ ಮಹಡಿಯಲ್ಲೇ ಬಾಡಿಗೆಗಿದ್ದೆ. ಅವರ ಮಗಳು ಮೇಧಾ ಅಪ್ಪನ ಕನ್ನಡಕ್ಕೆಲ್ಲ ಮಲಯಾಳದಲ್ಲೇ ಉತ್ತರ ಕೊಡುತ್ತಿದ್ದಳು. ಹಾಗಾಗಿ ಕನ್ನಡ ಆಡುವ ಹಸಿವಾದಾಗೆಲ್ಲ ಭಟ್ಟರು ನನ್ನನ್ನು ಚಹಾಕ್ಕೆ ಕರೆಯುತ್ತಿದ್ದರು.

ಎರಡು ಸಾವಿರದ ಎಂಟರಲ್ಲಿ ನಾನು ಸುಮ್ಮನಿರಲಾರದೆ ಇರುವೆ ಬಿಟ್ಟುಕೊಂಡೆ. ಅವರಿಗೆ ಕಂಪ್ಯೂಟರಿನಲ್ಲಿ ಕನ್ನಡ ಟೈಪು ಮಾಡಲು ಕಲಿಸಿ, ವಿಕಿಪೀಡಿಯ ತೋರಿಸಿದೆ.

"ಯಾರು ಬೇಕಾದರೂ ಬರೀಬಹುದಾ? ಮತ್ತೆ ಕೊನೆಗೆ ಸಹಿ ಹಾಕುವವರು ಯಾರು?" ಎಂದರು.

ಯಾರೂ ಇಲ್ಲ ಎಂದರೆ ಅವರು ನಂಬಲಿಲ್ಲ. ಆದರೂ ಎರಡು ವಾರ ಕೂತು ತಮ್ಮೂರಿನ ಕನ್ನಡ ವಾಚನಾಲಯದ ಬಗ್ಗೆ ನಾಲ್ಕು ಪ್ಯಾರಾ ಬರೆದರು. ಅಕ್ಷರ ಬಾರದ ಅವರ ತಂದೆ ದಿನಾ ಸಂಜೆ ಅಲ್ಲಿಗೆ ಹೋಗಿ, ಯಾರೋ ಗಟ್ಟಿಯಾಗಿ ಓದುವ ಪೇಪರು ಕೇಳಿಸಿಕೊಂಡು ಬರುತ್ತಿದ್ದರಂತೆ. ರಸ್ತೆ ಅಗಲ ಮಾಡುವಾಗ ಆ ಕಟ್ಟಡ ಹೋಯಿತು. ಉಳಿದದ್ದು ಒಂದೇ ಫೋಟೋ, ಎಂಬತ್ತನಾಲ್ಕರ ಸುವರ್ಣ ಮಹೋತ್ಸವದ ಸ್ಮರಣ ಸಂಚಿಕೆಯ ಮುಖಪುಟದ್ದು. ಹೆಂಚಿನ ಮಾಡು, ಜಗಲಿಯ ಬೆಂಚು, ಬೆಂಚಿನ ತುದಿಯಲ್ಲಿ ಕಿವಿಯ ಹಿಂದೆ ಕೈ ಇಟ್ಟುಕೊಂಡು ಕೂತ ಅವರ ತಂದೆ. ಅದನ್ನು ಸ್ಕ್ಯಾನ್ ಮಾಡಿಸಿ ಏರಿಸಿದರು. ಇದು ಯಾರ ಕೃತಿ ಎಂಬ ಪ್ರಶ್ನೆಗೆ 'ನನ್ನದೇ' ಎಂದು ಗುರುತು ಹಾಕಿದರು. ತಮ್ಮ ಪೆಟ್ಟಿಗೆಯಲ್ಲಿ ಇದ್ದದ್ದು ತಮ್ಮದಲ್ಲದೆ ಇನ್ಯಾರದು?

ಮೂರನೇ ದಿನ ಚಿನ್ಮಯ ಎಂಬ ಸ್ವಯಂಸೇವಕನಿಂದ ಸೂಚನೆ ಬಂತು. ಚಿತ್ರ ಅಚ್ಚಾದ ಪುಸ್ತಕದಿಂದ ತೆಗೆದಂತಿದೆ, ಹಕ್ಕುಸ್ವಾಮ್ಯ ಉಲ್ಲಂಘನೆ ಇರಬಹುದು, ಏಳು ದಿನದೊಳಗೆ ಅನುಮತಿ ಬಾರದಿದ್ದರೆ ಅಳಿಸಲಾಗುವುದು.

"ಉಲ್ಲಂಘನೆಯಂತೆ ಮೋಹನ್ರೇ," ಎಂದರು ಭಟ್ಟರು. "ನನ್ನದು."

ಎರಡು ದಿನ ಅವರಿಗೆ ಊಟ ಸೇರಲಿಲ್ಲ. ಆಮೇಲೆ ಕೋರ್ಟಿನ ಮನುಷ್ಯ ಮಾಡುವುದನ್ನೇ ಮಾಡಿದರು. ಛಾಪಾ ಕಾಗದದ ಮೇಲೆ ಅಫಿಡವಿಟ್ಟು. 'ಸದರಿ ಮಹೋತ್ಸವ ಸಮಿತಿಯ ಕಾರ್ಯದರ್ಶಿಯಾಗಿದ್ದ ನಾನು ಸದರಿ ಫೋಟೋವನ್ನು ನಾನೇ ಮುಂದೆ ನಿಂತು ಮುದ್ರಿಸಿದ್ದು ಸತ್ಯವೆಂದು ಪ್ರಮಾಣೀಕರಿಸುತ್ತೇನೆ.' ಕೆಳಗೆ ನೋಟರಿಯ ಕೆಂಪು ಮೊಹರು. ನಾನು ನಕ್ಕುಬಿಟ್ಟೆ. ನಗಬಾರದಿತ್ತು, ಆ ಸಂಜೆ ನನಗೆ ಚಹಾ ಸಿಗಲಿಲ್ಲ.

ಚಿನ್ಮಯ ಮಾತ್ರ ನಗಲಿಲ್ಲ. "ಸರ್, ಛಾಪಾ ಕಾಗದ ಬೇಡ," ಎಂದು ಬರೆದಿದ್ದ. "ಮುದ್ರಿಸಿದವರಲ್ಲ, ಕ್ಯಾಮೆರಾ ಹಿಡಿದವರು ಒಂದು ಇಮೇಲ್ ಬರೆದರೆ ಸಾಕು. ಆದರೆ ನಮಗೆ ಮಾತ್ರ ಅನುಮತಿ ಎಂದರೆ ಆಗದು. ಯಾರು ಬೇಕಾದರೂ, ವ್ಯಾಪಾರಕ್ಕೂ ಬಳಸಬಹುದು ಎನ್ನಬೇಕು. ಬಳಸುವವರು ತೆಗೆದವರ ಹೆಸರು ಹಾಕಬೇಕು."

ಕ್ಯಾಮೆರಾ ಹಿಡಿದವರು ಊರಿನ ಸ್ಟುಡಿಯೋದ ಇಬ್ರಾಹಿಂ. ಊರಿಗೆ ಫೋನು ಮಾಡಿ ವಿಚಾರಿಸಿದರೆ, ಸ್ಟುಡಿಯೋ ಮುಚ್ಚಿ ಎಷ್ಟೋ ವರ್ಷವಾಗಿದೆ, ಈಗ ತಿರುವನಂತಪುರದಲ್ಲಿ ಮಗಳ ಮನೆಯಲ್ಲಿದ್ದಾರೆ ಎಂದು ತಿಳಿಯಿತು. ಗಡುವಿಗೆ ಮೂರು ದಿನ ಉಳಿದಿತ್ತು. ಎರಡನೇ ಶನಿವಾರ ಕೋರ್ಟಿಗೆ ರಜೆ, ನಾನು ಬ್ಯಾಂಕಿಗೆ ರಜೆ ಹಾಕಿದೆ, ಬೆಳಗಿನ ರೈಲು ಹತ್ತಿದೆವು.

"ಆ ವ್ಯಾಪಾರದ ಮಾತು ಎತ್ತಬೇಡಿ ಸಾರ್, ವಯಸ್ಸಾದವರು, ಹೆದರ್ತಾರೆ," ಎಂದು ದಾರಿಯಲ್ಲಿ ಬುದ್ಧಿ ಹೇಳಿದೆ.

"ಓದಿ ಹೇಳದೆ ಒಪ್ಪಿಗೆ ತೆಗೊಳ್ಳುವುದಾ? ಅದು ನನ್ನಿಂದ ಆಗ್ಲಿಕ್ಕಿಲ್ಲ," ಎಂದು ಕಿಟಕಿಯ ಕಡೆ ತಿರುಗಿದರು. ಈ ಮನುಷ್ಯನ ಪ್ರಾಮಾಣಿಕತೆಯಿಂದಲೇ ಕೆಲಸ ಕೆಡುತ್ತದೆ ಎಂದು ನನಗೆ ಸಿಟ್ಟು ಬಂತು.

ಇಬ್ರಾಹಿಮರಿಗೆ ಎಂಬತ್ತರ ಹತ್ತಿರ. ಊರಿನ ಕನ್ನಡ ಕಿವಿಗೆ ಬಿದ್ದದ್ದೇ ಮುಖ ಅರಳಿತು. ಭಟ್ಟರು ಅವರನ್ನು ಊರಿನ ರೂಢಿಯಂತೆ 'ಇಬ್ರಾಹಿಂಚ' ಎಂದು ಕರೆದು, ಷರತ್ತುಗಳನ್ನು ಒಂದೂ ಬಿಡದೆ ಓದಿದರು. ಆಮೇಲೆ ಅಭ್ಯಾಸಬಲದಿಂದ ಇಡೀ ಫೈಲನ್ನೇ ಅವರ ಕೈಗೆ ಕೊಟ್ಟರು. ಮೇಲೆಯೇ ಇತ್ತು ಅಫಿಡವಿಟ್ಟು.

ಅವರು ನಿಧಾನವಾಗಿ ಓದಿ ತಲೆಯೆತ್ತಿದರು. "ಹಾಗಾದ್ರೆ ಅದನ್ನು ಪ್ರಿಂಟ್ ಮಾಡಿಸಿದ್ದು ನೀವಾ ಭಟ್ರೇ?"

ಭಟ್ಟರು ಹೌದೆಂದು ತಲೆಯಾಡಿಸಿದರು.

"ಆ ಪುಸ್ತಕ ನಾನು ನೋಡಿದ್ದೇನೆ," ಎಂದರು ಇಬ್ರಾಹಿಂ. ಸ್ವರದಲ್ಲಿ ಕೋಪವಿರಲಿಲ್ಲ. "ಕೊನೆಯ ಪುಟದಲ್ಲಿ ಎಲ್ಲರಿಗೂ ವಂದನೆ ಉಂಟು. ಚಪ್ಪರದವನಿಗೆ, ಮೈಕಿನವನಿಗೆ, ಚಾ ಮಾಡಿದವನಿಗೆ. ನಾನು ಎರಡು ಸಲ ಓದಿದೆ."

ಇಪ್ಪತ್ತನಾಲ್ಕು ವರ್ಷದ ಹಿಂದಿನ ತಪ್ಪಿಗೆ ತಾವೇ ಮೊಹರು ಒತ್ತಿಸಿ ತಂದಿದ್ದರು ಭಟ್ಟರು. ನೋಡಲಾರದೆ ನಾನು ತಲೆ ತಗ್ಗಿಸಿದೆ.

"ಫೋಟೋ ವಾಚನಾಲಯದ ಗೋಡೆಯಲ್ಲಿತ್ತು ಇಬ್ರಾಹಿಂಚ. ನಮ್ಮದೇ ಅಂತ ಗ್ರಹಿಸಿದೆ," ಎಂದರು ಕೊನೆಗೆ. "ತಪ್ಪಾಯ್ತು. ಆ ಹುಡುಗ ಬರೆದದ್ದು ಸುಳ್ಳಲ್ಲ. ನೀವು ಬೇಡ ಹೇಳಿದ್ರೆ ನಾನೇ ಅಳಿಸಲಿಕ್ಕೆ ಹೇಳ್ತೇನೆ."

ಅಪ್ಪನ ಒಂದೇ ಚಿತ್ರವನ್ನು ಕೈಯಾರೆ ಬಿಟ್ಟುಕೊಡಲು ಹೊರಟಿದ್ದರು. ಇಬ್ರಾಹಿಮರ ಮಗಳು ಚಹಾ ತಂದಿಟ್ಟಳು, ಯಾರೂ ಮುಟ್ಟಲಿಲ್ಲ.

"ಆ ಹೆಸರಿನ ಸಾಲು ಇನ್ನೊಮ್ಮೆ ಓದಿ," ಎಂದರು ಇಬ್ರಾಹಿಂ.

ಭಟ್ಟರು ಓದಿದರು.

"ವ್ಯಾಪಾರ ಮಾಡುವವನೂ ಹೆಸರು ಹಾಕಬೇಕಾ?"

"ಅವನೂ ಹಾಕಬೇಕು."

"ಆ ಫೋಟೋ ಕ್ಯಾಲೆಂಡರಿನಲ್ಲಿ ಬಂದಿತ್ತು, ನೋಟೀಸಿನಲ್ಲಿ ಬಂದಿತ್ತು. ಹಾಕಲಾ ಅಂತ ಕೇಳ್ಲಿಕ್ಕೆ ಬಂದವರು ನೀವೊಬ್ಬರೇ. ತಡ ಆಯ್ತು, ಆದ್ರೂ ಸಾರ ಇಲ್ಲ, ಚಾ ಕುಡೀರಿ."

ಮಗಳ ಕಂಪ್ಯೂಟರಿನಲ್ಲಿ ನಾನು ಪತ್ರ ಟೈಪು ಮಾಡಿದೆ. ಕಳಿಸುವ ಗುಂಡಿಯನ್ನು ತಾವೇ ಒತ್ತಬೇಕೆಂದು ಇಬ್ರಾಹಿಂ ಹಟ ಹಿಡಿದು ಒತ್ತಿದರು.

ಸೋಮವಾರ ಸಂಜೆ ಅನುಮತಿ ಸ್ವೀಕಾರವಾಯಿತು. ಚಿತ್ರದ ಕೆಳಗೆ 'ಛಾಯಾಗ್ರಹಣ: ಇಬ್ರಾಹಿಂ' ಎಂದು ಬಂತು. ಭಟ್ಟರು ಒಡನೆಯೇ ತಿರುವನಂತಪುರಕ್ಕೆ ಫೋನು ಮಾಡಿ, ಆ ಎರಡು ಪದವನ್ನು ಓದಿ ಹೇಳಿದರು. ಆಮೇಲೆ ಇಬ್ರಾಹಿಮರ ಸ್ವರ ಪಕ್ಕದಲ್ಲಿದ್ದ ನನಗೂ ಕೇಳಿಸಿತು.

"ನನ್ನ ಟ್ರಂಕಿನಲ್ಲಿ ನೆಗೆಟಿವ್ ತುಂಬಾ ಉಂಟು ಭಟ್ರೇ. ಹಳೇ ದೋಣಿ ಕಡವು, ಬೀಡಿ ಕಟ್ಟುವ ಹೆಂಗಸರು, ಶಾಲೆಯ ಮಕ್ಕಳು. ಅದಕ್ಕೂ ಕೇಳ್ಲಿಕ್ಕೆ ಬರ್ತೀರಾ?"

ಭಟ್ಟರ ಕಣ್ಣು ತುಂಬಿತ್ತು.

"ಬರ್ತೇನೆ ಇಬ್ರಾಹಿಂಚ," ಎಂದರು. "ಒಂದೊಂದಕ್ಕೂ ಕೇಳ್ತೇನೆ."