ಒಂದು ಹರದಾರಿ ಆಚೆ

ಮೊನ್ನೆ ನಮ್ಮ ಮನೆಯಾಕೆ ಅಟ್ಟದ ಮೇಲಿನ ಹಳೆಯ ಟ್ರಂಕು ಕೆಳಗಿಳಿಸಿದಳು. ಅದರ ತುಂಬ ನನ್ನ ನೋಟ್‌ಬುಕ್ಕುಗಳು. ರದ್ದಿಗೆ ಹಾಕೋಣ ಎಂದು ಅವಳು, ಇರಲಿ ಬಿಡು ಎಂದು ನಾನು, ಈ ಜಗಳಕ್ಕೆ ನಮ್ಮ ಮದುವೆಯಷ್ಟೇ ವಯಸ್ಸು. ಈ ಸಲ ಅವಳು ಗೆದ್ದಳು. ನೋಟ್‌ಬುಕ್ಕುಗಳನ್ನೆಲ್ಲ ಅಂಗಳಕ್ಕೆ ಸುರಿದ ಮೇಲೆ, ತಳಕ್ಕೆ ಹಾಸಿದ್ದ ಪೇಪರಿನ ಅಡಿಯಿಂದ ಒಂದು ಗಂಟು ಹೊರಬಂತು. ಕೆಂಪು ಅಂಚಿನ ಹಸಿರು ಖಣ. ಬಣ್ಣ ಮಾಸಿತ್ತು, ಗಂಟು ಮಾತ್ರ ಬಿಗಿಯಾಗಿಯೇ ಇತ್ತು. ಮೂಗಿಗೆ ಹಿಡಿದು ನೋಡಿದೆ. ಅರಿಷಿಣದ ವಾಸನೆ ಇನ್ನೂ ಹೋಗಿರಲಿಲ್ಲ.

ಯಾರದಿದು ಎಂದು ಕೇಳಿದಳು. ಗಂಗಾ ಕಾಕುಂದು ಎಂದೆ. ಬಿಚ್ಚಲು ಹೋದಳು, ಬೇಡ ಎಂದು ಕೈಯಿಂದ ಕಸಿದುಕೊಂಡೆ. ಎಪ್ಪತ್ತು ದಾಟಿದ ಗಂಡ ಒಂದು ಚಿಂದಿ ಬಟ್ಟೆಗೆ ಹೀಗೆ ಕೈಹಾಕುವುದನ್ನು ಕಂಡು ಅವಳು ಒಳಗೆ ಹೋದಳು. ಅವಳಿಗೆ ಹೇಳದ್ದನ್ನು ನಿಮಗೆ ಹೇಳುತ್ತಿದ್ದೇನೆ.

ಗಂಗಾ ಕಾಕು ನನ್ನ ಚಿಕ್ಕಪ್ಪನ ಹೆಂಡತಿ. ರಾಮದುರ್ಗದ ನಮ್ಮ ಮನೆಯಲ್ಲಿ ಎಲ್ಲರೂ ಕೂಡಿಯೇ ಇದ್ದೆವು. ಆಕೆಗೆ ಮಕ್ಕಳಿರಲಿಲ್ಲ. ನನ್ನನ್ನು ಆಡಿಸಿದವಳು, ಬೈದವಳು, ಮ್ಯಾಟ್ರಿಕ್ಕಿನಲ್ಲಿ ಗಣಿತಕ್ಕೆ ಬಿದ್ದಾಗ ಅಪ್ಪನ ಕೈಯಿಂದ ಬಿಡಿಸಿದವಳು, ಎಲ್ಲ ಆಕೆಯೇ. ತವರು ಸವದತ್ತಿಯ ಆಚೆ, ಮಲಪ್ರಭೆಯ ದಂಡೆಯ ಮೇಲಿನ ಸಣ್ಣ ಊರು. ನವಿಲುತೀರ್ಥದ ಹತ್ತಿರ ಹೊಳೆಗೆ ಆಣೆಕಟ್ಟು ಕಟ್ಟಿದರಲ್ಲ, ಆಗ ನೀರಿನಡಿಗೆ ಹೋದ ಊರುಗಳಲ್ಲಿ ಅದೂ ಒಂದು. ಊರು ಬಿಟ್ಟ ಆಕೆಯ ಅಣ್ಣ ಸಾಂಗ್ಲಿ ಕಡೆ ಹೋದ. ಆಮೇಲೆ ಪಂಚಮಿಗೆ ತಂಗಿಯನ್ನು ಕರೆಯಲು ಬರಲಿಲ್ಲ. ಕರೆದುಕೊಂಡು ಹೋಗುವುದಾದರೂ ಎಲ್ಲಿಗೆ ಹೇಳಿ.

ನಮ್ಮ ಕಡೆ ಮಗಳು ತವರಿನಿಂದ ಹೊರಡುವಾಗ ಉಡಿ ತುಂಬುತ್ತಾರೆ. ಸೆರಗಿನಲ್ಲಿ ಅಕ್ಕಿ, ಕೊಬ್ಬರಿ ಬಟ್ಟಲು, ಅರಿಷಿಣದ ಬೇರು, ಉತ್ತತ್ತಿ, ಮೇಲೊಂದು ಖಣ. ಆ ಅಕ್ಕಿಯಿಂದ ಗಂಡನ ಮನೆಯಲ್ಲಿ ಬೆಲ್ಲದ ಅನ್ನ ಮಾಡಿ ಎಲ್ಲರಿಗೂ ಬಡಿಸಬೇಕು, ಖಣವನ್ನು ಕುಬಸ ಹೊಲಿಸಿ ತೊಡಬೇಕು. ಕಾಕು ಕಡೆಯ ಸಲ ತವರಿಗೆ ಹೋದಾಗ ಇಲ್ಲಿ ಅತ್ತೆ, ಅಂದರೆ ನನ್ನ ಅಜ್ಜಿ, ಬಿದ್ದು ಕಾಲು ಮುರಿದುಕೊಂಡಳೆಂದು ಸುದ್ದಿ ಹೋಯಿತು. ಉಟ್ಟ ಸೀರೆಯಲ್ಲೇ ಓಡಿಬಂದಳು. ಮುಂದಿನ ಸಲ ತುಂಬಿದರಾಯಿತು ಎಂದು ತವರಿನವರು ಅಂದಿದ್ದರಂತೆ. ಮುಂದಿನ ಸಲ ಎನ್ನುವುದೇ ಬರಲಿಲ್ಲ. ಆಮೇಲೆ ಯಾರ ಮನೆಯಲ್ಲಿ ಯಾರ ಉಡಿ ತುಂಬಿದರೂ ಕಾಕು ಬಾಗಿಲ ಸಂದಿಯಲ್ಲಿ ನಿಂತು ನೋಡುತ್ತಿದ್ದಳು. “ಬರೇ ಉಡೀಲೆ ಬಂದೇನೋ ತಮ್ಮಾ,” ಎಂದು ನನ್ನ ಮುಂದೆ ಮಾತ್ರ ಅನ್ನುತ್ತಿದ್ದಳು.

ನೀರು ನಿಂತ ಮೂರನೆಯ ಬೇಸಗೆ. ನಾನು ಆಗಷ್ಟೇ ಸಾಲಿ ಮಾಸ್ತರನಾಗಿದ್ದೆ, ಜೊತೆಗೆ ಇತಿಹಾಸದ ಹುಚ್ಚು ಬೇರೆ. ಶಾಸನ, ಕೋಟೆ, ವೀರಗಲ್ಲು ಅಂದರೆ ಊಟ ಬಿಡುತ್ತಿದ್ದೆ. ಹೊಳೆಯ ನೀರು ಇಳಿದಾಗ ಮುಳುಗಿದ ಗುಡಿಗಳು ತಲೆ ಎತ್ತುತ್ತವೆ ಎಂಬ ಸುದ್ದಿ ಕಾಕುವಿನ ಕಿವಿಗೆ ಬಿತ್ತು. ಕಾಕಾನನ್ನು ಕೇಳಿದರೆ, ನೀರು ನೋಡಲು ಯಾರಾದರೂ ಹೋಗುತ್ತಾರೇನು ಎಂದ. ಆಗ ಆಕೆ ಎಲ್ಲಮ್ಮನ ಗುಡ್ಡಕ್ಕೆ ನಡೆದು ಬರುತ್ತೇನೆಂದು ಹರಕೆ ಇದೆ ಎಂದಳು. ದೇವರ ಹೆಸರಿಗೆ ಕಾಕಾ ಅಡ್ಡ ಬರುವಂತಿರಲಿಲ್ಲ. ಜೊತೆಗೆ ನಾನು ಹೋಗಬೇಕೆಂದು ತೀರ್ಮಾನವಾಯಿತು. ನಾನು ಪುಕ್ಕಟೆ ಒಪ್ಪಿದೆನೇ? ಇಲ್ಲ. ಹೂಲಿಯಲ್ಲಿ ಇಳಿದು, ಅಲ್ಲಿನ ಗುಡಿಗಳನ್ನು ನೋಡಿ, ಗುಡ್ಡದ ಮೇಲಿಂದಲೇ ಎಲ್ಲಮ್ಮನಿಗೆ, ಅಲ್ಲಿಂದ ಪರಸಗಡದ ಕೋಟೆಗೆ, ಆಮೇಲೆ ನಿನ್ನ ನೀರು ಎಂದು ಕರಾರು ಹಾಕಿದೆ. ಆಕೆ ಎಲ್ಲದಕ್ಕೂ ಹೂಂ ಅಂದಳು. ಹೊರಡುವಾಗ ಮಾತ್ರ ನನ್ನ ಕಾಲು ನೋಡಿ, “ಹೊಸಾ ಬೂಟ ಕಚ್ಚತಾವೋ, ಹಳೇ ಚಪ್ಪಲಿ ಮೆಟಿಗೊ,” ಎಂದಳು. ಮೊದಲ ಸಂಬಳದ ಬೂಟು. ಕೋಟೆ ಹತ್ತುವ ಇತಿಹಾಸಕಾರ ಚಪ್ಪಲಿಯಲ್ಲಿ ಹತ್ತುತ್ತಾನೆಯೇ? ಕೇಳಲಿಲ್ಲ.

ಮೊದಲ ಬಸ್ಸಿಗೆ ಹೂಲಿಯಲ್ಲಿ ಇಳಿದೆವು. ಪಂಚಲಿಂಗೇಶ್ವರನ ಗುಡಿಯ ಕಂಬಗಳನ್ನು ಕಂಡದ್ದೇ ನನಗೆ ಮೈಮೇಲಿನ ಎಚ್ಚರ ಹೋಯಿತು. ನೋಟ್‌ಬುಕ್ಕು ತೆಗೆದು ಒಂದು ಶಾಸನದ ಅಕ್ಷರಗಳನ್ನು ನೋಡಿ ನೋಡಿ ಬರೆಯುತ್ತ ಕುಳಿತೆ. ಕಾಕು ಲಿಂಗಕ್ಕೆ ನೀರು ಹಾಕಿ ಬಂದಳು, ಕಂಬದ ನೆರಳಿಗೆ ಕುಳಿತಳು, ನೆರಳು ಸರಿದಂತೆ ತಾನೂ ಸರಿದಳು. ಕಡೆಗೆ ಅದರಲ್ಲಿ ಏನು ಬರೆದಿದ್ದಾರೆ ಎಂದು ಕೇಳಿದಳು. ದೇವರಿಗೆ ಹೊಲ ಬಿಟ್ಟಿದ್ದಾರೆ, ಮೂಡಲಿಗೆ ನೆಟ್ಟ ಕಲ್ಲು, ಪಡುವಲಿಗೆ ಹುಣಸೆ ಮರ, ಹೀಗೆ ಎಲ್ಲೆ ಹೇಳಿದ್ದಾರೆ ಎಂದೆ.

“ಸಾವಿರ ವರ್ಷದ ಹೊಲದ ಗುರ್ತು ಇನ್ನೂ ಐತಿ ಅನ್ನು,” ಎಂದಳು. “ನಮ್ಮೂರಿನ ಗುರ್ತು ಯಾರ ಬರದಾರ?”

ನಾನು ಹೂಂ ಎಂದು ಮುಂದಿನ ಸಾಲಿಗೆ ಹೋದೆ. ಅಲ್ಲಿಂದ ಏಳುವ ಹೊತ್ತಿಗೆ ಬಿಸಿಲು ಏರಿತ್ತು.

ಹತ್ತುವವರೆಗೆ ಅದು ಗುಡ್ಡ. ಹತ್ತಿದ ಮೇಲೆ ಎಲ್ಲಿ ನೋಡಿದರೂ ಬಯಲು, ಕೆಂಪು ಹಾಸುಗಲ್ಲು, ಕಾರೆಕಂಟಿ, ಒಣಹುಲ್ಲು, ತಡೆಯಿಲ್ಲದ ಗಾಳಿ. ಕಾಕು ಮುಂದೆ, ನಾನು ಹಿಂದೆ. ಸೊಂಟಕ್ಕೆ ಕಟ್ಟಿದ ಚೀಲದಲ್ಲಿ ನಮ್ಮ ಮನೆಯದೇ ಅಕ್ಕಿ, ಕೊಬ್ಬರಿ, ಅರಿಷಿಣ, ಖಣ ತಂದಿದ್ದಳು. ಊರು ಕಂಡ ಜಾಗದಲ್ಲಿ ಯಾರಾದರೂ ಮುತ್ತೈದೆ ಸಿಕ್ಕರೆ ತುಂಬಿಸಿಕೊಳ್ಳುತ್ತೇನೆ, ಸಿಗದಿದ್ದರೆ ನಾನೇ ಸುರಿದುಕೊಳ್ಳುತ್ತೇನೆ ಎಂದಳು. ಮನೆಯಲ್ಲಿ ಹತ್ತು ಮಾತಿಗೆ ಒಂದು ಮಾತಾಡುವವಳು ಅಂದು ದಾರಿಯುದ್ದಕ್ಕೂ ಮಾತಾಡಿದಳು. ಅವರ ಹಿತ್ತಲಿನ ಬಾವಿ, ಹುಣಸೆ ಮರದ ಜೋಕಾಲಿ, ಊರ ಬಸವಣ್ಣನ ಗುಡಿ. ಆ ಗುಡಿಗೆ ಶಿಖರವೇ ಇರಲಿಲ್ಲವಂತೆ. ಆಕೆಯ ಅಪ್ಪ ಕಟ್ಟಿಸಬೇಕೆಂದು ಸಾಯುವತನಕ ಒದ್ದಾಡಿದನಂತೆ. ಬೋಳು ಮಾಳಿಗೆಯ ಮೇಲೆ ಹೆಂಗಸರು ಮೆಣಸಿನಕಾಯಿ ಒಣಗಿಸುತ್ತಿದ್ದರು, ಬಸವಣ್ಣ ಕೆಳಗೆ ಸೀನುತ್ತಿದ್ದ ಎಂದು ನಕ್ಕಳು. ನಾನೂ ನಕ್ಕೆ. ಕೇಳಿಸಿಕೊಂಡೆ ಅಂತಲ್ಲ. ಹೂಲಿಯ ಶಾಸನದ ಒಂದು ಅಕ್ಷರ ತಲೆಯಲ್ಲಿ ಕೊರೆಯುತ್ತಿತ್ತು, ಹಿಮ್ಮಡಿಯಲ್ಲಿ ಬೂಟು ಕೊರೆಯುತ್ತಿತ್ತು.

ಎಲ್ಲಮ್ಮನ ಗುಡಿಯಲ್ಲಿ ಹರಕೆ ಮುಗಿಸಿ, ಎಣ್ಣೆಹೊಂಡದ ನೀರು ತಲೆಗೆ ಹಾಕಿಕೊಂಡು, ರೊಟ್ಟಿ ಶೇಂಗಾ ಚಟ್ನಿ ತಿಂದೆವು. ಬೂಟು ಬಿಚ್ಚಿದರೆ ಎರಡೂ ಹಿಮ್ಮಡಿಯ ಚರ್ಮ ಕಿತ್ತು ರಕ್ತ ಕಾಲುಚೀಲಕ್ಕೆ ಅಂಟಿತ್ತು. ಕಾಕು ಬೈಯಲಿಲ್ಲ. ಹಣೆಗೆ ಹಚ್ಚಿದ ಅರಿಷಿಣದ ಭಂಡಾರವನ್ನೇ ಗಾಯಕ್ಕೆ ಮೆತ್ತಿ, ಸೆರಗಿನ ತುದಿ ಹರಿದು ಕಟ್ಟಿದಳು. ಇಲ್ಲಿಂದಲೇ ಇಳಿದು ಬಸ್ಸು ಹಿಡಿಯೋಣವೇ ಎಂದು ಕೇಳಿದಳು. ಆಕೆ ಹಾಗೆ ಕೇಳಲು ಏನನ್ನು ನುಂಗಿಕೊಂಡಳೋ, ನನಗೆ ಆಗ ತಿಳಿಯಲಿಲ್ಲ. ಪರಸಗಡ ಬಿಡುವುದು ಹೇಗೆ ಎಂಬುದಷ್ಟೇ ನನ್ನ ಚಿಂತೆ. ಇಲ್ಲ ನಡಿ ಎಂದೆ.

ಪರಸಗಡದಲ್ಲಿ ಬಂಡೆಯಲ್ಲಿ ಕಡಿದ ಮೆಟ್ಟಿಲು ಎಣಿಸಿದೆ, ಬುರುಜಿನ ಅಳತೆ ಹಾಕಿದೆ, ಕಲ್ಲಿನ ಹೊಂಡಗಳ ನಕ್ಷೆ ಬರೆದೆ. ಕಾಕು ಎರಡು ಸಲ ಹೊತ್ತು ನೋಡಿದಳು. ಕೋಟೆಯ ಪಡುವಣ ಅಂಚಿಗೆ ಬಂದಾಗ ಸೂರ್ಯ ವಾಲಿದ್ದ. ಕೆಳಗೆ ನೀರು. ಇಳಿದ ನೀರಿನ ನಡುವೆ, ದೂರದಲ್ಲಿ, ಒಂದು ಗುಡಿಯ ಶಿಖರ ಮೇಲೆದ್ದಿತ್ತು.

ತಾಲೂಕಿನ ನಕಾಶೆಯನ್ನು ನಾನು ನೋಡಿಯೇ ಬಂದಿದ್ದೆ. ಕಾಕುವಿನ ಊರು ಇದಲ್ಲ. ಗುಡ್ಡದ ಮೂತಿಯನ್ನು ಬಳಸಿ ಇನ್ನೂ ಒಂದು ಹರದಾರಿ, ಅಂದರೆ ಮೂರು ಮೈಲು ಹೋಗಬೇಕು. ಬೆಳಗಿನಿಂದ ನಾನು ಕಳೆದ ಹೊತ್ತು ಇದ್ದಿದ್ದರೆ ಆರಾಮಾಗಿ ಮುಟ್ಟಬಹುದಿತ್ತು. ಈಗ ಹೋದರೆ ಕಡೆಯ ಬಸ್ಸಿಲ್ಲ, ನನ್ನ ಕಾಲಂತೂ ಮುಂದೆ ಒಂದು ಹೆಜ್ಜೆಗೂ ಒಪ್ಪುತ್ತಿರಲಿಲ್ಲ. ಇದೇ ಏನೋ ತಮ್ಮಾ ಎಂದು ಕಾಕು ಕೇಳಿದಳು.

“ಹೌದು ಕಾಕು, ಇದ,” ಎಂದೆ.

ಆಕೆ ಶಿಖರವನ್ನು ಬಹಳ ಹೊತ್ತು ನೋಡಿದಳು. ಆಮೇಲೆ ನನ್ನ ಕಾಲು ನೋಡಿದಳು. “ನೀ ಅಂದ ಮ್ಯಾಲ ಇದ ಇರಬೇಕು,” ಎಂದಳು.

ಅಷ್ಟರಲ್ಲಿ ಆಡು ಹೊಡೆದುಕೊಂಡು ಒಬ್ಬ ಮುದುಕಿ ಬಂದಳು. ಕಾಕುವನ್ನು ಕಂಡು ನಿಂತಳು, ಹತ್ತಿರ ಬಂದಳು, ಗಂಗವ್ವಾ ಅಂದಳು. ಅವಳು ಬಳೆಗಾರ್ತಿ ಹುಸೇನಬಿ. ಹಿಂದೆ ಹೊಳೆದಂಡೆಯ ಊರುಗಳಿಗೆಲ್ಲ ಬಳೆಯ ಮಲಾರ ಹೊತ್ತು ತಿರುಗುತ್ತಿದ್ದವಳು. ಕಾಕುವಿನ ಮದುವೆಗೆ ಬಳೆ ಇಟ್ಟವಳೂ ಅವಳೇ. ಊರುಗಳು ಮುಳುಗಿದ ಮೇಲೆ ಮಲಾರ ಬಿಟ್ಟು ಸವದತ್ತಿಯಲ್ಲಿ ಗಂಡ ಮಕ್ಕಳೊಂದಿಗೆ ಇದ್ದಳು. ಇಬ್ಬರೂ ಕೈ ಹಿಡಿದುಕೊಂಡು ಬಂಡೆಯ ಮೇಲೆ ಕುಳಿತರು. ತವರಿನ ಕಡೆಯವಳು ನೀನೇ ಸಿಕ್ಕೆ, ನೀನೇ ನನ್ನ ಉಡಿ ತುಂಬು ಎಂದು ಕಾಕು ಚೀಲ ಬಿಚ್ಚಿದಳು.

ಹುಸೇನಬಿ ನೀರನ್ನು ನೋಡಿದಳು, ಹುಬ್ಬು ಗಂಟಿಕ್ಕಿದಳು. “ಅಲ್ಲ ಗಂಗವ್ವಾ, ನಿಮ್ಮೂರು...” ಎಂದು ಶುರು ಮಾಡಿದಳು.

“ಇದ ಅಂತ, ಹುಸೇನಬಿ,” ಎಂದು ಕಾಕು ಮಾತು ತಡೆದಳು. “ನಮ್ಮ ಹುಡುಗ ಓದಿದಾಂವ, ನಕಾಶಿ ನೋಡ್ಯಾನ. ನೀ ತುಂಬು.”

ಹುಸೇನಬಿ ಒಮ್ಮೆ ಆಕೆಯ ಮುಖ, ಒಮ್ಮೆ ನನ್ನ ಮುಖ ನೋಡಿ, ಅಲ್ಲಾನ ಹೆಸರು ಹೇಳಿ ಐದು ಬೊಗಸೆ ಅಕ್ಕಿಯನ್ನು ಸೆರಗಿಗೆ ಸುರಿದಳು. ಕೊಬ್ಬರಿ, ಅರಿಷಿಣ ಇಟ್ಟಳು. ಖಣ ಇಡುವಾಗ ಅವಳ ಕಣ್ಣಲ್ಲಿ ನೀರು ಬಂತು. ಕಾಕು ಮಾತ್ರ ಅಳಲಿಲ್ಲ. ಎಲ್ಲವನ್ನೂ ಆ ಖಣದಲ್ಲೇ ಗಂಟು ಕಟ್ಟಿ, ನೀರಿನ ಕಡೆಗೆ ಕೈಮುಗಿದು, ಎದ್ದು ನನ್ನ ಹೆಗಲಿಗೆ ಕೈಕೊಟ್ಟು ಇಳಿಸಿಕೊಂಡು ಬಂದಳು. ಪಾರಾದೆ ಎಂದುಕೊಂಡೆ. ನನ್ನ ಜಾಣತನಕ್ಕೆ ನಾನೇ ಶಹಬ್ಬಾಸ್ ಅಂದುಕೊಂಡೆ. ಇದನ್ನು ಬರೆಯಲು ಈಗ ನಾಚಿಕೆಯಾಗುತ್ತದೆ.

ಮರುದಿನ ಕಾಕು ಬೆಲ್ಲದ ಅನ್ನ ಮಾಡಿದಳು. ತವರಿನ ಅಕ್ಕಿ ಉಣ್ಣೋ ಎಂದು ಮೊದಲು ನನಗೇ ಬಡಿಸಿದಳು. ತುಪ್ಪ ಸುರಿದಳು. ಆಕೆಯ ಮುಖದ ಸಮಾಧಾನ ನೋಡಿ, ಸುಳ್ಳಾದರೇನು, ಮುದುಕಿಯ ಆಸೆ ತೀರಿತಲ್ಲ ಎಂದು ಎರಡನೆಯ ಸಲವೂ ಹಾಕಿಸಿಕೊಂಡೆ. ಆಗ ಆಕೆಗೆ ನಲವತ್ತೈದು. ಇಪ್ಪತ್ತೆರಡರ ನನಗೆ ಆಕೆ ಮುದುಕಿ.

ಆಮೇಲಿನ ಎರಡು ಬೇಸಗೆ ನೀರು ಅಷ್ಟು ಇಳಿಯಲಿಲ್ಲ. ಮೂರನೆಯದಕ್ಕೆ ಕಾಕು ಹಾಸಿಗೆ ಹಿಡಿದಿದ್ದಳು. ಒಂದು ದಿನ ಮಧ್ಯಾಹ್ನ ನಾನು ಗಂಜಿ ಕುಡಿಸುತ್ತಿದ್ದಾಗ, ಒಮ್ಮೆ ಊರ ಕಡೆ ಹೋಗಿ ಬರಬೇಕಿತ್ತು ಎಂದಳು. ಹೋಗಿ ಬಂದೆವಲ್ಲ ಕಾಕು ಎಂದೆ. ನನ್ನನ್ನೇ ನೋಡಿದಳು.

“ಹೌದಲ್ಲ,” ಎಂದಳು. “ಹೋಗಿದ್ವಿ.”

ಅದೇ ವಾರ ತೀರಿಕೊಂಡಳು. ಆಕೆಯ ಟ್ರಂಕು ಖಾಲಿಯಾಗಿದೆ ಎಂದು ನನಗೆ ಕೊಟ್ಟರು. ತಳದ ಪೇಪರನ್ನು ಎತ್ತಿಯೂ ನೋಡದೆ ನಾನು ಅದರ ಮೇಲೆ ನನ್ನ ಶಾಸನ, ನನ್ನ ಬುರುಜು, ನನ್ನ ಮೆಟ್ಟಿಲುಗಳ ಲೆಕ್ಕವನ್ನೆಲ್ಲ ಪೇರಿಸಿದೆ. ಅವುಗಳಲ್ಲಿ ಒಂದು ಸಾಲೂ ಎಲ್ಲಿಯೂ ಅಚ್ಚಾಗಲಿಲ್ಲ.

ನಿನ್ನೆ ಮನೆಯಾಕೆ ನೀರಿಗೆ ಹೋದಾಗ ಗಂಟು ಬಿಚ್ಚಿದೆ. ಅಕ್ಕಿ ಹಿಟ್ಟಾಗಿತ್ತು, ಆದರೆ ಅಷ್ಟೂ ಇತ್ತು, ಐದು ಬೊಗಸೆಯದೂ. ಒಂದು ಕಾಳೂ ಅನ್ನವಾಗಿರಲಿಲ್ಲ. ಖಣಕ್ಕೆ ಸೂಜಿ ಮುಟ್ಟಿರಲಿಲ್ಲ. ಅಂದು ನಾನು ಉಂಡದ್ದು ಮನೆಯ ಕಣಜದ ಅಕ್ಕಿ. ಬೋಳು ಮಾಳಿಗೆಯ ಗುಡಿಯ ಊರಿನಲ್ಲಿ ಹುಟ್ಟಿದವಳಿಗೆ ಶಿಖರ ತೋರಿಸಿ ನಿನ್ನ ಊರು ಇದೇ ಎಂದಿದ್ದೆ. ಆಕೆಗೆ ಆ ಕ್ಷಣವೇ ತಿಳಿದಿತ್ತು. ನನ್ನ ಕಾಲಿನ ರಕ್ತ ನೋಡಿ ತನ್ನ ಊರು ಬಿಟ್ಟುಕೊಟ್ಟಳು. ನಾನು ಸುಳ್ಳುಗಾರನಾಗಬಾರದೆಂದು ತಾನೂ ಒಂದು ಸುಳ್ಳು ಬೇಯಿಸಿ ಬಡಿಸಿದಳು. ಗಂಟನ್ನು ಮಾತ್ರ ನಿಜವಾದ ಜಾಗಕ್ಕೆಂದು ಎತ್ತಿಟ್ಟಳು. ಕಾಕು, ತಪ್ಪಾಯಿತು. ಐವತ್ತು ವರ್ಷ ತಡವಾಗಿ ಹೇಳುತ್ತಿದ್ದೇನೆ.

ಗಂಟನ್ನು ಮತ್ತೆ ಹಾಗೆಯೇ ಕಟ್ಟಿದ್ದೇನೆ. ಈ ವರ್ಷ ಹೊಳೆ ಬಹಳ ಇಳಿದಿದೆ ಎಂದು ಸವದತ್ತಿಯಿಂದ ಬಂದವರು ಹೇಳಿದರು. ನಾಳೆ ಮೊದಲ ಬಸ್ಸಿಗೆ ಹೊರಡುತ್ತೇನೆ. ಕೋಟೆ, ಶಾಸನ ಏನೂ ಇಲ್ಲ, ಸೀದಾ ಆ ಒಂದು ಹರದಾರಿ ಆಚೆಗೆ. ಈ ವಯಸ್ಸಿನಲ್ಲಿ ಎಲ್ಲಿಗೆ ಎಂದು ಮನೆಯಾಕೆ ಕೇಳಿದಳು. ಕಾಕುವಿನ ತವರಿಗೆ ಎಂದೆ. ಅವಳು ಮಗ ಕೊಡಿಸಿದ ಬೂಟು ತಂದು ಮುಂದಿಟ್ಟಳು. ಬೇಡ, ಹಳೆಯ ಚಪ್ಪಲಿ ಕೊಡು ಎಂದೆ.