ಉಜ್ಜನಪ್ಪ ಮಲಗಿ ನೋಡಿದ ಗಾದಿ

ಉಜ್ಜನಪ್ಪನಿಗೆ ನಿದ್ದೆ ಮಾಡಲು ಹಾಸಿಗೆ ಬೇಕಿರಲಿಲ್ಲ, ಒರಗಲು ಒಂದು ಗೋಡೆ ಸಿಕ್ಕರೆ ಸಾಕಿತ್ತು. ಒಮ್ಮೆ ಸೀಮೆಎಣ್ಣೆ ಸಾಲಿನಲ್ಲಿ ನಿಂತಲ್ಲೇ ನಿದ್ದೆ ಹೋದನಂತೆ. ಹಿಂದಿನವರು ತಳ್ಳಿದಂತೆಲ್ಲ ಮುಂದೆ ಸರಿದನಂತೆ. ಎಚ್ಚರಾದಾಗ ಡಬ್ಬಿ ತುಂಬಿತ್ತು, ಅವನು ಮನೆಯ ಬಾಗಿಲಲ್ಲಿದ್ದ ಎಂದು ಓಣಿಯವರು ಹೇಳುತ್ತಿದ್ದರು. ಅರ್ಧ ಸುಳ್ಳಿದ್ದೀತು. ಉಳಿದರ್ಧಕ್ಕೆ ಮಿಲ್ಲು ಕಾರಣ.

ದಾವಣಗೆರೆಯ ಹತ್ತಿ ಮಿಲ್ಲೊಂದರಲ್ಲಿ ಅವನಿಗೆ ಮದುವೆಗೆ ಮುಂಚಿನಿಂದಲೂ ರಾತ್ರಿ ಪಾಳಿ. ಊರು ಮಲಗಿದಾಗ ಏಳಬೇಕು, ಊರು ಎದ್ದಾಗ ಬೀಳಬೇಕು. ಊರಿನ ಮಾನ ಮುಚ್ಚುವ ನೂಲನ್ನೆಲ್ಲ ತೆಗೆಯುವವರ ಮನೆಯಲ್ಲಿ ಚಾಪೆಯ ಮೇಲೆ ಹಾಸಲು ಒಂದು ಹಿಡಿ ಹತ್ತಿ ಇರುವುದಿಲ್ಲ. ಇದನ್ನು ಕೇಳಿದರೆ ಮಾಲೀಕರು ಸಂತೆಯಲ್ಲಿ ಹತ್ತಿಗೆ ಬರವೇ ಎನ್ನುತ್ತಾರೆ. ಹತ್ತಿಗೆ ಬರವಿಲ್ಲ ಸ್ವಾಮಿ.

ಎಪ್ಪತ್ತೆಂಟನೇ ಇಸವಿಯಲ್ಲಿ ಈ ಮನೆಗೆ ಒಂದು ಗಾದಿಯ ಅಗತ್ಯ ಬಿತ್ತು. ಮಗಳು ಮೈಲಮ್ಮನಿಗೆ ಎರಡು ತುಂಬಿತ್ತು. ಅಜ್ಜಿಯ ಹೆಸರು ಇಟ್ಟದ್ದಕ್ಕೋ ಏನೋ, ಹಟವೂ ಅಜ್ಜಿಯದೇ. ತೊಟ್ಟಿಲು ಬಿಟ್ಟರೆ ಎಲ್ಲಿಯೂ ಮಲಗಳು, ತೊಟ್ಟಿಲು ನಿಂತರೆ ಎದ್ದು ಕೂಡುವಳು. ಹಾಗಾಗಿ ತಾಯಿ ಉಮಾಮಹೇಶ್ವರಿ ತೊಟ್ಟಿಲ ಹಗ್ಗವನ್ನು ಕಾಲ್ಬೆರಳಿಗೆ ಕಟ್ಟಿಕೊಂಡು, ಎರಡು ವರ್ಷದಿಂದ ಇಡೀ ರಾತ್ರಿ ತೂಗುತ್ತಲೇ ಇದ್ದಳು. ಗಂಡ ಮಿಲ್ಲಿನಲ್ಲಿ ರಾತ್ರಿ ಪಾಳಿ ಮಾಡಿದರೆ ಹೆಂಡತಿ ಮನೆಯಲ್ಲಿ ಮಾಡುತ್ತಿದ್ದಳು. ಒಬ್ಬರಿಗೆ ಪಗಾರ ಇತ್ತು, ಅಷ್ಟೇ ವ್ಯತ್ಯಾಸ.

ಆ ತೊಟ್ಟಿಲು ಹರಿಹರದ ಅವಳ ತವರಿನದು. ಅವಳ ತಂಗಿ ಚೊಚ್ಚಲ ಹೆರಿಗೆಗೆ ತವರಿಗೆ ಬಂದಿದ್ದಳು. ಅಮಾವಾಸ್ಯೆಗೆ ಮೊದಲೇ ತೊಟ್ಟಿಲು ಕಳಿಸಿ ಎಂದು ಹೇಳಿಕಳಿಸಿದ್ದರು. ಅಷ್ಟರೊಳಗೆ ಮೈಲಮ್ಮ ಕೆಳಗಿಳಿದು ಮಲಗಲು ಕಲಿಯದಿದ್ದರೆ ಉಮಾಳಿಗೆ ಮುಂದೆ ತೂಗಲು ತೊಟ್ಟಿಲೂ ಇಲ್ಲ, ನಿದ್ದೆಯೂ ಇಲ್ಲ. ಮಿಲ್ಲಿನ ಬಡಗಿ ಹಳೆಯ ಪೆಟ್ಟಿಗೆಯ ಹಲಗೆ ಜೋಡಿಸಿ ಪುಟ್ಟ ಮಂಚವನ್ನೇನೋ ಮಾಡಿಕೊಟ್ಟಿದ್ದ, ಅದರ ಮೇಲೆ ಹಾಸಲು ಗಾದಿ ಬೇಕಿತ್ತು.

"ಹರಿಹರದ ಮಸ್ತಾನಸಾಬ್ರ ಹತ್ರ ಗಾದಿ ಹೊಲಿಸ್ರಿ. ಕೂಸನ್ನೂ ಕರ್ಕೊಂಡು ಹೋಗ್ರಿ, ಮಲಗೋಳು ಅಕಿ" ಎಂದಳು ಉಮಾ.

"ಎರಡು ವರ್ಷದ ಕೂಸಿಗೆ ಗಾದಿ ಏನ್ ತಿಳೀತೈತೆ? ನಿದ್ದಿ ವಿಷಯ ನನಗ್ ಬಿಡು" ಎಂದ ಉಜ್ಜನಪ್ಪ. ಹರಿಹರಕ್ಕೆ ಹೋಗಿಬಂದರೆ ಹಗಲ ನಿದ್ದೆ ಹಾಳು ಎಂಬುದು ಅವನ ಒಳಗಿನ ಲೆಕ್ಕ.

ಮರುದಿನ ಪಾಳಿ ಮುಗಿಸಿ, ಮೈಯೆಲ್ಲ ಹತ್ತಿಯ ಧೂಳು ಮೆತ್ತಿಕೊಂಡೇ ಮಂಡಿಪೇಟೆಯ ಕೆಂಚವೀರಪ್ಪನವರ ಗಾದಿ ಅಂಗಡಿಗೆ ಹೋದ.

"ಮಲಗಿ ನೋಡ್ರಿ, ನಮ್ಮಲ್ಲಿ ಸಂಕೋಚ ಇಲ್ಲ" ಎಂದರು ಕೆಂಚವೀರಪ್ಪನವರು.

ಮೊದಲು ರಬ್ಬರಿನ ಗಾದಿಯ ಮೇಲೆ ಮಲಗಿದ. ಗೊರಕೆ ಬಂತು. ಎಬ್ಬಿಸಿ ಕೇಳಿದರೆ "ಭಾಳ ಚಲೋ ಐತ್ರಿ" ಎಂದ. ಬೆಲೆ ಕೇಳಿ ತಾನೇ ಎದ್ದ. ತೆಂಗಿನ ನಾರಿನದರ ಮೇಲೆ ಮಲಗಿದ, ಅಲ್ಲಿಯೂ ಗೊರಕೆ. "ಇದೂ ಚಲೋ ಐತ್ರಿ." ಸಾಹುಕಾರರು ಬೇರೆ ಗಿರಾಕಿಯ ಕಡೆ ತಿರುಗಿದಾಗ ಬಾಗಿಲ ಬಳಿಯ ಗೋಣಿಚೀಲದ ಮೇಲೆ ಕೂತವನು ಅಲ್ಲಿಯೂ ಉರುಳಿದ. ಎದ್ದಾಗ, ಇಷ್ಟು ಹೊತ್ತು ನೋಡಿದ್ದರಲ್ಲಿ ಇದೇ ಉತ್ತಮ ಎನಿಸಿತು ಅವನಿಗೆ. ಇಡೀ ರಾತ್ರಿ ನಿಂತು ಬಂದವನ ಬೆನ್ನು ಯಾವ ಗಾದಿಯ ಮೇಲೆ ತಾನೇ ಚಾಡಿ ಹೇಳೀತು? ಸಾಹುಕಾರರಿಗೆ ಇದು ಗೊತ್ತಿತ್ತು. ಕೊನೆಗೆ ನೀಲಿ ಪಟ್ಟೆಯ ಒಂದು ಚಿಕ್ಕ ಗಾದಿ ತೋರಿಸಿದರು. ಅಗ್ಗ. ಅದರ ಮೇಲಂತೂ ತಲೆ ಇಡುವ ಮೊದಲೇ ನಿದ್ದೆ. ಏನೋ ಪರಿಚಯದ ವಾಸನೆ ಬೇರೆ. ರೊಕ್ಕ ಕೊಟ್ಟು ಅದನ್ನೇ ಮನೆಗೆ ಹೊತ್ತು ತಂದ.

ಆ ರಾತ್ರಿ ಮೈಲಮ್ಮ ಗಾದಿಯ ಮೇಲೆ ಮಲಗಲಿಲ್ಲ, ಸೀನಿದಳು. ಕೆಮ್ಮಿದಳು, ತುರಿಸಿಕೊಂಡಳು, ಮತ್ತೆ ಸೀನಿದಳು. ಬೆಳಿಗ್ಗೆ ಉಜ್ಜನಪ್ಪ ಬರುವ ಹೊತ್ತಿಗೆ ಉಮಾ ಗಾದಿಯ ಮೂಲೆ ಬಿಚ್ಚಿಟ್ಟುಕೊಂಡು ಕೂತಿದ್ದಳು. ಒಳಗೆ ಎಣ್ಣೆ ಕುಡಿದ ಕರಿ ಹತ್ತಿ, ನೂಲಿನ ಗಂಟು, ಒಂದು ಮೋಟು ಬೀಡಿ.

"ಏನ್ರಿ, ನಿಮ್ಮ ಮಿಲ್ಲನ್ನ ಮನೀಗೇ ಹೊತ್ಕೊಂಡು ಬಂದೀರಲ್ಲ" ಎಂದಳು.

ಅವನಿಗೆ ವಾಸನೆಯ ಗುರುತು ಸಿಕ್ಕಿತು. ತಾನೇ ದಿನಾ ಯಂತ್ರದ ಕೆಳಗಿಂದ ಗುಡಿಸಿ ಹೊರಗೆ ಹಾಕುವ ಕಸ. ಮಿಲ್ಲು ಅದನ್ನು ಮಾರುತ್ತದೆ, ವ್ಯಾಪಾರಿ ಅದಕ್ಕೆ ಹೊಸ ಅಂಗಿ ತೊಡಿಸುತ್ತಾನೆ. ಗುಡಿಸಿದವನ ಎದೆಯೊಳಗೆ ಹೋದದ್ದು ಸಾಲದು, ಉಳಿದದ್ದನ್ನು ಅವನ ಕೂಸಿನ ಮೂಗಿಗೆ ಮಾರುತ್ತಾರೆ. ಇದಕ್ಕೆ ವ್ಯಾಪಾರ ಎಂಬ ಮರ್ಯಾದಸ್ಥ ಹೆಸರಿದೆ.

ಗಾದಿ ಹೊತ್ತು ಹೋದರೆ ಕೆಂಚವೀರಪ್ಪನವರು ನಕ್ಕರು. "ನೀವೇ ಮಲಗಿ ನೋಡೀರಿ, ಉಜ್ಜನಪ್ಪ. ಗೊರಕಿ ಹೊಡೆದೀರಿ. ಇಡೀ ಪೇಟೆ ಸಾಕ್ಷಿ ಐತೆ. ವಾಪಸ್ ಹೆಂಗ್ ತಗೊಳ್ಳಲಿ?"

ಉಜ್ಜನಪ್ಪನಿಗೆ ಜಗಳ ಆಡಲು ಬರುತ್ತಿರಲಿಲ್ಲ. ಆಡೋಣವೆಂದರೂ ಕಣ್ಣು ಎಳೆಯುತ್ತಿತ್ತು. "ಹಂಗಾರೆ ಇನ್ನೊಮ್ಮೆ ನೋಡ್ತೀನ್ರಿ" ಎಂದವನೇ ಅಂಗಡಿಯ ಮೆಟ್ಟಿಲ ಮುಂದೆ ಗಾದಿ ಹಾಸಿ, ಬಿಚ್ಚಿದ ಮೂಲೆಯನ್ನು ರಸ್ತೆಯ ಕಡೆಗಿಟ್ಟು, ಮಲಗಿಬಿಟ್ಟ.

ಬಂದ ಗಿರಾಕಿಗಳು ಅವನನ್ನು ದಾಟಿಯೇ ಒಳಗೆ ಹೋಗಬೇಕು. ದಾಟುವ ಮೊದಲು ಬಗ್ಗಿ ನೋಡುತ್ತಿದ್ದರು. "ಯಾಕ ಮಲಗ್ಯಾನ್ರಿ ಈತ?" ಎಂದು ಕೇಳಿದರೆ ಉತ್ತರ ಹೇಳಬೇಕಾದವರು ಸಾಹುಕಾರರೇ, ದೂರು ತಂದವನು ಗೊರಕೆಯಲ್ಲಿದ್ದನಲ್ಲ. ಮರುದಿನವೂ ಪಾಳಿ ಮುಗಿಸಿ ಬಂದ, ಹಾಸಿದ, ಮಲಗಿದ. ಮಿಲ್ಲಿನವರು ಕೆಲವರು ಹಾದುಹೋಗುತ್ತ, "ಏ, ಇದು ನಮ್ಮ ಕಸ ಕಣ್ರೋ. ಈ ಬೀಡಿ ನಂದೇ ಇರಬೇಕು" ಎಂದು ನಕ್ಕರು. ಮದುವೆಗೆಂದು ಗಾದಿ ಕೊಳ್ಳಲು ಬಂದಿದ್ದ ಮಲೆಬೆನ್ನೂರಿನ ಬೀಗರು ಅದನ್ನು ಕೇಳಿ ಮೆಟ್ಟಿಲಿಂದಲೇ ತಿರುಗಿದರು.

"ಏಳೋ ಮಾರಾಯ, ನಿನ್ನ ರೊಕ್ಕ ನೀನು ತಗೊ" ಎಂದು ಕೆಂಚವೀರಪ್ಪನವರು ಅಲುಗಿಸಿದರು. ಎಲ್ಲಿ ಏಳುತ್ತಾನೆ? ಎಚ್ಚರಾದಾಗ ಜೇಬಿನಲ್ಲಿ ರೊಕ್ಕ ಇತ್ತು, ಬೆನ್ನ ಕೆಳಗೆ ಗಾದಿ ಇರಲಿಲ್ಲ. ಸೀಮೆಎಣ್ಣೆಯ ಕತೆ ಪೂರಾ ಸುಳ್ಳಲ್ಲ ಎಂದು ಓಣಿಯವರಿಗೆ ಆಗ ನಂಬಿಕೆ ಬಂತು.

ವಾರದ ರಜೆಯ ದಿನ ಮೂವರೂ ಹರಿಹರದ ಬಸ್ಸು ಹತ್ತಿದರು. ಬಸ್ಸಿನ ನೆತ್ತಿಯ ಮೇಲೆ ತೊಟ್ಟಿಲು. ಬರಿದಾದ ತೊಟ್ಟಿಲು ಕಳಿಸಬಾರದೆಂದು ಅದರಲ್ಲಿ ಬೆಲ್ಲ, ಕೊಬ್ಬರಿ ಬಟ್ಟಲು. ಅದನ್ನು ತವರಿಗೆ ಮುಟ್ಟಿಸಿದ ಮೇಲೆ, ಮಸ್ತಾನಸಾಬ್ ತಮ್ಮ ಅಂಗಳದಲ್ಲಿ ಹತ್ತಿ ಹಿಂಜಿ, ಬಿಳಿ ಹತ್ತಿಯ ಗಾದಿ ಹೊಲಿದು ಹಾಸಿದರು. ಅಭ್ಯಾಸಬಲದಿಂದ ಉಜ್ಜನಪ್ಪ ಅದರ ಕಡೆ ವಾಲಿದ.

"ನೀವ್ ದೂರ ಕೂಡ್ರಿ ಉಜ್ಜನಪ್ಪಣ್ಣ" ಎಂದರು ಸಾಬರು. "ನಿಮ್ಮ ನಿದ್ದಿ ಸುದ್ದಿ ಹೊಳಿ ದಾಟಿ ಹೋಗೈತೆ. ಕೂಸನ್ನ ಬಿಡ್ರಿ."

ಮೈಲಮ್ಮ ಗಾದಿಯ ಮೇಲೆ ಹತ್ತಿದಳು, ಕುಣಿದಳು, ಅಂಚು ಕಚ್ಚಿ ನೋಡಿದಳು. ಆಮೇಲೆ ನಡುಮಧ್ಯೆ ಕೂತು, ಗಂಭೀರವಾಗಿ, ಉಚ್ಚೆ ಹೊಯ್ದಳು.

"ಆತು, ಬೋಣಿ ಆತು" ಎಂದರು ಮಸ್ತಾನಸಾಬ್. "ಇನ್ನ ಬ್ಯಾರೇದವ್ರಿಗೆ ಮಾರಂಗಿಲ್ಲ. ಅಕೀದೇ ಇದು."

ಗಾದಿ ಬಿಸಿಲಲ್ಲಿ ಒಣಗಿದ ಮೇಲೆ ಅದನ್ನು ಸುತ್ತಿಕೊಂಡು ಊರಿಗೆ ಬಂದರು. ರಜೆ ಮುಗಿದಿತ್ತು, ಆ ರಾತ್ರಿಯೇ ಉಜ್ಜನಪ್ಪ ಪಾಳಿಗೆ ಹೋದ. ಬೆಳಿಗ್ಗೆ ಬಂದು ಬಾಗಿಲು ಬಡಿದರೆ ತೆರೆಯುವವರಿಲ್ಲ. ಇನ್ನೊಮ್ಮೆ ಬಡಿದ. ಕೊನೆಗೆ ಉಮಾ ಕಣ್ಣುಜ್ಜುತ್ತ ಬಂದಳು. ಕೆನ್ನೆಯ ಮೇಲೆ ಚಾಪೆಯ ಗೀರು ಮೂಡಿತ್ತು.

"ಕೂಸು ಮಲಗ್ತೇನು?" ಎಂದ ಉಜ್ಜನಪ್ಪ.

"ಯಾರಿಗ್ ಗೊತ್ರಿ" ಎಂದಳು ಉಮಾ. "ನಾನು ಮಲಗಿಬಿಟ್ಟಿದ್ದೆ."