ಚಿಕ್ಕಪ್ಪನಿಗೆ ಕೆಲಸ ಹೇಳುವವರು

ನಮ್ಮ ಚಿಕ್ಕಪ್ಪ ಮರದ ನೆಲಕ್ಕೆ ಪಾಲಿಶ್ ಹಾಕುವವನು. ಒಂಬತ್ತು ವರ್ಷದಿಂದ ಅದೇ ಗ್ರಂಥಾಲಯ, ಅದೇ ಉದ್ದನೆಯ ಓದುವ ಕೋಣೆ. ಮಧ್ಯಾಹ್ನದ ಬಿಸಿಲು ಎತ್ತರದ ಕಿಟಕಿಯಿಂದ ಇಳಿದು ಹಲಗೆಯಿಂದ ಹಲಗೆಗೆ ಸರಿಯುವಾಗ, ಅವನು ಮೊಣಕಾಲೂರಿ, ಬಟ್ಟೆ ಹಿಡಿದ ಕೈಯನ್ನು ಅದರ ಹಿಂದೆಯೇ ಸರಿಸುತ್ತಾ ಹೋಗುತ್ತಿದ್ದ. ಅವಸರ ಎನ್ನುವುದು ಅವನ ಜಾಯಮಾನದಲ್ಲೇ ಇಲ್ಲ. ನೋಡುತ್ತ ನಿಂತರೆ ನನಗೂ ನಿದ್ದೆಯೋ ಎಚ್ಚರವೋ ತಿಳಿಯದ ಹಾಗಾಗುತ್ತಿತ್ತು.

ಗ್ರಂಥಾಲಯದವರು ಎರಡು ಸಲ ಕಾಯಂ ಮಾಡುತ್ತೇವೆಂದರು. "ನಂಗೆ ಯಜಮಾನ ಬೇಡ," ಎಂದುಬಿಟ್ಟ. ಅವನನ್ನು ಅಲ್ಲಿಗೆ ಕಳಿಸುವುದು ಒಂದು ಏಜೆನ್ಸಿ, ಅದರ ಗುಮಾಸ್ತೆ ನಾನೇ. ತೆರಿಗೆ ಮುರಿದುಕೊಳ್ಳದೆ ನಾವು ಯಾರ್‍ಯಾರಿಗೆ ದುಡ್ಡು ಕೊಟ್ಟೆವು, ಯಾಕೆ ಮುರಿಯಲಿಲ್ಲ ಎಂದು ಮೂರು ತಿಂಗಳಿಗೊಮ್ಮೆ ತೆರಿಗೆ ಇಲಾಖೆಗೆ ಪಟ್ಟಿ ಕಳಿಸಬೇಕು. ಕೆಲಸ ಹೀಗೆ ಮಾಡು, ಹಾಗೆ ಮಾಡು ಎನ್ನುವವರು ಇಲ್ಲದಿದ್ದರೆ ಕೆಲಸದವನು ಸ್ವತಂತ್ರ, ತನ್ನ ತೆರಿಗೆ ತಾನೇ ಕಟ್ಟಿಕೊಳ್ಳುತ್ತಾನೆ. ಹೇಳುವವರಿದ್ದರೆ ನೌಕರನ ಲೆಕ್ಕ. ತೆರಿಗೆ ನಾವೇ ಮುರಿಯಬೇಕು, ಹೆಸರು ಪಟ್ಟಿಯಿಂದ ಹೊರಕ್ಕೆ. ಪ್ರತಿ ಸಲವೂ ಅವರವರನ್ನೇ ಕೇಳಿ ಸಹಿ ಹಾಕಿಸಿಕೊಳ್ಳಬೇಕು. ಚಿಕ್ಕಪ್ಪನ ಸಾಲಿನಲ್ಲಿ 'ಯಾರೂ ಹೇಳುವುದಿಲ್ಲ' ಎಂದು ಬರೆಯುವಾಗ, ಸುಳ್ಳು ಯಾಕೆ, ನನಗೇ ಕೋಡು ಮೂಡುತ್ತಿತ್ತು.

ಈ ಸಲ ಹೋದಾಗ ಅವನ ಪಕ್ಕದಲ್ಲಿ ಗ್ರಂಥಾಲಯದ ಮೇಲ್ವಿಚಾರಕಿ ಕುರ್ಚಿ ಎಳೆದುಕೊಂಡು ಕೂತಿದ್ದಳು.

"ಇನ್ನೊಂಚೂರು ಎಡಕ್ಕೆ. ಅಲ್ಲೇ. ಇನ್ನೂ ಮಂಕಾಗಿದೆ, ಮತ್ತೆ ಉಜ್ಜಿ."

ಅವನು ಆಕೆ ಹೇಳಿದ ಹಾಗೆ ಉಜ್ಜುತ್ತಿದ್ದ. ನನಗೆ ಮೈಯೆಲ್ಲ ಉರಿದುಹೋಯಿತು. ಕೋಪ ನನಗೆ ಮೂಗಿನ ತುದಿಯಲ್ಲೇ.

"ಅವರಿಗೆ ಕೆಲಸ ಹೇಳಿಕೊಡೋಕೆ ನೀವ್ಯಾರು?" ಎಂದೆ.

ಆಕೆ ಚಿಕ್ಕಪ್ಪನ ಮುಖ ನೋಡಿ ಎದ್ದು ಹೋದಳು. ನಾನು ಕಾಗದ ಹರಡಿದೆ. ಉತ್ತರ ಆಫೀಸಿನಲ್ಲೇ ಬರೆದುಕೊಂಡು ಬಂದಿದ್ದೆ.

"ಏನು ಬರ್ದಿದೀಯ?" ಎಂದು ಕೇಳಿದ.

"ಯಾವಾಗ್ಲೂ ಬರೆಯೋದೇ. ಯಾರೂ ಹೇಳಲ್ಲ ಅಂತ."

"ಹೊಡೆದು ಹಾಕು. ಹೇಳ್ತಾರೆ ಅಂತ ಬರಿ."

"ಅವಳು ಸುಮ್‌ಸುಮ್ನೆ ದರ್ಬಾರು ಮಾಡಿದ್ರೆ ನೀನ್ಯಾಕೆ ತಲೆ ಬಗ್ಗಿಸ್ಬೇಕು ಚಿಕ್ಕಪ್ಪ?"

"ನಾನೇ ಕೇಳ್ಕೊಂಡಿದ್ದು ಕಣೆ. ಹೊಳಪು ಬಂದಿದ್ಯೋ ಇಲ್ವೋ ನಂಗೆ ಕಾಣ್ಸಲ್ಲ. ಬಿಸಿಲು ಎಲ್ಲಿದೆ ಅಂತ ಕೈ ಬೆಚ್ಚಗಾದ್ರೆ ಗೊತ್ತಾಗುತ್ತೆ. ಪಾಪ, ಆಯಮ್ಮ ಊಟ ಬಿಟ್ಟು ಬಂದು ಕೂರ್ತಾಳೆ."

ಕೋಣೆ ತುಂಬ ಬೆಳಕು, ಧೂಳಿನ ಕಣಗಳು ನಿಧಾನವಾಗಿ ತೇಲುತ್ತಿದ್ದವು. ಅವನು ಅವುಗಳ ಕಡೆಗೇ ಮುಖ ಮಾಡಿ ಕೂತಿದ್ದ. ನಾನು ಬರೆದದ್ದನ್ನು ಹೊಡೆದು ಹಾಕಿ 'ಹೇಳುತ್ತಾರೆ' ಎಂದು ಬರೆದೆ. ಇಂಥ ಹೊತ್ತಿನಲ್ಲಿ ನಾನು ಗುಮಾಸ್ತೆಯಾಗಿಬಿಡುತ್ತೇನೆ.

"ಯಾವತ್ತಿಂದ ಅಂತ ತಾರೀಖು ಬೇಕು," ಎಂದೆ.

ಅವನು ಬಟ್ಟೆ ಮಡಿಸಿದ, ಬಿಚ್ಚಿದ, ಮತ್ತೆ ಮಡಿಸಿದ.

"ಹೋದ ಸಲ ನೀನು ಸಹಿಗೆ ಬಂದಿದ್ಯಲ್ಲ, ಅವತ್ತಿನದೇ ಹಾಕು. ಬಾಗಿಲಲ್ಲಿ ಯಾರೋ ನಿಂತಿದ್ರು. ಬನ್ನಿ ಮೇಡಂ, ನೆಲ ಒಣಗಿದೆ ಅಂದೆ. ನೀನು ನಕ್ಕ ಮೇಲೇ ನೀನು ಅಂತ ಗೊತ್ತಾಗಿದ್ದು. ನೀನು ಆಕಡೆ ಹೋದ್ಮೇಲೆ ಆಯಮ್ಮನ್ನ ಕೇಳ್ಕೊಂಡೆ."

ನನಗೆ ನೆನಪಾಯಿತು. ಮೇಡಂ ಎಂದು ತಮಾಷೆ ಮಾಡುತ್ತಿದ್ದಾನೆ ಎಂದುಕೊಂಡು ನಾನು ಅವತ್ತು ಹೊಟ್ಟೆ ಹಿಡಿದುಕೊಂಡು ನಕ್ಕಿದ್ದೆ. ಅವನೂ ನನ್ನ ಜೊತೆ ನಕ್ಕಿದ್ದ.

ಆ ತಾರೀಖು ಬರೆದು, ಅವನ ಕೈ ಹಿಡಿದು ಸಹಿಯ ಜಾಗಕ್ಕೆ ತಂದೆ.